ಗಸ್ತಿಗೆ ಬೇಕಾದ ಸಾಮಾನು

ಹುಣಸೂರಿನಲ್ಲಿ ನಮ್ಮ ಹಾರ್ಡ್‌ವೇರ್ ಅಂಗಡಿಯನ್ನು ಶುರು ಮಾಡಿದ್ದು ನಮ್ಮ ತಾತ. ಮೊಳೆ, ಚಿಲಕ, ಹಗ್ಗ, ಗುದ್ದಲಿ, ಟಾರ್ಚು, ಹೀಗೆ ಕೈಯಲ್ಲಿ ಹಿಡಿಯುವ ಯಾವ ಸಾಮಾನಿನ ಬಗ್ಗೆ ಯಾರಿಗೆ ಅನುಮಾನ ಬಂದರೂ ನಮ್ಮನ್ನೇ ಕೇಳುತ್ತಿದ್ದರು. ಪಿರಿಯಾಪಟ್ಟಣದ ರಾವಂದೂರಿನ ರೈತರು ಕೂಡ ಬಸ್ಸು ಹತ್ತಿ ಬಂದು, "ನೀವೇ ಒಂದು ಒಳ್ಳೇದು ನೋಡಿ ಕೊಡಿ" ಎಂದು ನಿಂತುಬಿಡುತ್ತಿದ್ದರು. ಹಾಗಾಗಿ ನಮ್ಮ ಬೀದಿಯವರು ಗಸ್ತು ತಿರುಗಬೇಕೆಂದು ತೀರ್ಮಾನಿಸಿದಾಗ, ಬೇಕಾದ ಸಾಮಾನು ಆರಿಸುವ ಕೆಲಸ ನನಗೇ ಬರುತ್ತದೆಂದು ಎಣಿಸಿದ್ದೆ. ಅದು ಬೇರೆಯವರ ಪಾಲಾಯಿತು. ಆ ಹೊಟ್ಟೆಕಿಚ್ಚಿನಲ್ಲಿ ನಾನು ಏನೇನು ಮಾಡಿದೆ ಎಂಬುದನ್ನು ಇಷ್ಟು ದಿನ ಯಾರಿಗೂ ಪೂರ್ತಿ ಹೇಳಿಲ್ಲ.

ಆ ವರ್ಷ ಒಂದು ಮೆರವಣಿಗೆ ಯಾವ ದಾರಿಯಲ್ಲಿ ಹೋಗಬೇಕೆಂಬ ಮಾತಿಗೆ ಮಾತು ಬೆಳೆದು ಊರಿನಲ್ಲಿ ಕಲ್ಲು ತೂರಾಟವಾಯಿತು. ಎರಡು ಅಂಗಡಿಗಳ ಷಟರ್ ಮುರಿದವು, ಒಂದು ಗೂಡ್ಸ್ ಆಟೋ ಸುಟ್ಟುಹೋಯಿತು. ನಿಷೇಧಾಜ್ಞೆ ಬಂತು. ಆದರೆ ಕಲ್ಲಿಗಿಂತ ಹೆಚ್ಚು ಹೆದರಿಸಿದ್ದು ಮೊಬೈಲು. ಹೊರಗಿನಿಂದ ಜನ ಇಳಿದಿದ್ದಾರಂತೆ, ಮನೆಮನೆಗೆ ಗುರುತು ಹಾಕಿದ್ದಾರಂತೆ ಎಂದು ಗಂಟೆಗೊಂದು ಸುದ್ದಿ. ನಮ್ಮ ಬೀದಿಯಲ್ಲಿ ಎಲ್ಲ ಥರದವರೂ ಇದ್ದೇವೆ. ನಮ್ಮ ಮನೆಗೂ ನಮಾಜಿಗೆ ಹೋಗುವ ಪಕ್ಕದ ಮನೆಯವರಿಗೂ ನಡುವೆ ಇರುವುದು ಒಂದೇ ಗೋಡೆ. ಯಾರ ಮನೆಗೆ ಬೆಂಕಿ ಬಿದ್ದರೂ ಪಕ್ಕದ ಮನೆಗೆ ಹತ್ತುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ನಿವೃತ್ತ ಹೆಡ್‌ಮೇಷ್ಟ್ರು ಒಂದು ಮಧ್ಯಾಹ್ನ ತಮ್ಮ ಕಾರ್ ಶೆಡ್ಡಿನಲ್ಲಿ ಮನೆಗೊಬ್ಬರಂತೆ ಸೇರಿಸಿದರು. ಪೊಲೀಸರಿಗೆ ತಿಳಿಸಿ, ದೀಪ ಹಚ್ಚುವ ಹೊತ್ತಿನಿಂದ ಹಾಲಿನ ವ್ಯಾನು ಬರುವ ತನಕ ಸರದಿ ಮೇಲೆ ಓಡಾಡುವುದೆಂದು ಮಾತಾಯಿತು. "ಸರಿ, ಏನೇನು ಸಾಮಾನು ಬೇಕಾಗುತ್ತೆ?" ಎಂದು ಯಾರೋ ಕೇಳಿದರು. ನನ್ನ ಜೇಬಿನಲ್ಲಿ ಆಗಲೇ ಪಟ್ಟಿ ಬರೆದುಕೊಂಡಿದ್ದ ಚೀಟಿ ಇತ್ತು. ತೆಗೆಯಲು ಕೈ ಹಾಕಿದೆ.

ಮೇಷ್ಟ್ರು ನನ್ನ ಕಡೆ ನೋಡಲೇ ಇಲ್ಲ. ಹಿಂದೆ ಸ್ಕೂಟರಿನ ಪಕ್ಕ ಮೊಣಕಾಲು ಕಟ್ಟಿಕೊಂಡು ಕುಳಿತಿದ್ದ ಒಬ್ಬರನ್ನು ತೋರಿಸಿ, "ಅದನ್ನ ಅವರಿಗೆ ಬಿಡೋಣ. ಈ ಕೆಲಸದಲ್ಲೇ ಜೀವ ಸವೆಸಿದವರು ಅವರು" ಎಂದರು.

ಅವರು ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಹಾಡಿಯವರು. ಕಾಡಿನೊಳಗಿನ ಕ್ಯಾಂಪುಗಳಲ್ಲಿ ಬಹಳ ವರ್ಷ ಅರಣ್ಯ ಇಲಾಖೆಯ ವಾಚರ್ ಆಗಿದ್ದು, ಕೆಲಸ ಬಿಟ್ಟ ಮೇಲೆ ನರ್ಸ್ ಆಗಿದ್ದ ಮಗಳ ಜೊತೆ ನಮ್ಮ ಬೀದಿಯ ಬಾಡಿಗೆ ಮನೆಗೆ ಬಂದಿದ್ದರು. ಸಣಕಲು ಮೈ, ಯಾವಾಗಲೂ ಕಾಲಲ್ಲಿ ಕ್ಯಾನ್ವಾಸ್ ಬೂಟು. ಎರಡು ವರ್ಷದಲ್ಲಿ ನಾನು ಅವರ ಜೊತೆ ಆಡಿದ್ದು ಹತ್ತು ಮಾತು ಇರಬಹುದು. ಎಲ್ಲರೂ ಹೂಂ ಎಂದು ತಲೆಯಾಡಿಸಿದರು. ನಾನೂ ಆಡಿಸಿದೆ. ಜೇಬಿನಲ್ಲಿದ್ದ ಚೀಟಿ ಮುದ್ದೆಯಾಯಿತು.

ಹೇಳಿಕೊಳ್ಳಲು ನಾಚಿಕೆಯಾಗುವ ಇನ್ನೊಂದು ಮಾತಿದೆ. ನಮ್ಮ ತಾತನ ಕಾಲದಲ್ಲಿ ಅವರ ಕಡೆಯವರು ನಮ್ಮ ಅಂಗಡಿಗೆ ಕತ್ತಿ ಕೊಳ್ಳಲು ಬಂದರೆ ಮೆಟ್ಟಿಲ ಕೆಳಗೆ ನಿಲ್ಲುತ್ತಿದ್ದರು, ತಾತ ಮೇಲಿಂದ ಕೊಡುತ್ತಿದ್ದ. ಅದನ್ನು ತಪ್ಪೆಂದು ನಾನೇ ಎಷ್ಟೋ ಸಲ ಬಾಯಿಬಿಟ್ಟು ಹೇಳಿದವನು. ಆದರೂ ಆವತ್ತು ಮನೆಗೆ ನಡೆಯುವಾಗ ನನ್ನೊಳಗೆ ಎದ್ದ ಮೊದಲ ಮಾತು, 'ಹೋಗಿ ಹೋಗಿ ಅವರನ್ನಾ?' ಎಂಬುದೇ.

ಮಾರನೇ ದಿನ ಬೆಳಿಗ್ಗೆ ಅವರು ಅಂಗಡಿಗೆ ಬಂದರು. ನಾನು ನಮ್ಮಲ್ಲಿದ್ದ ಟಾರ್ಚುಗಳಲ್ಲೇ ಭಾರಿಯಾದದ್ದನ್ನು ಮುಂದಿಟ್ಟೆ. "ಇದರ ಬೆಳಕು ಅರ್ಧ ಕಿಲೋಮೀಟರ್ ಹೋಗಿ ಬೀಳುತ್ತೆ" ಎಂದೆ.

ಅವರು ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ ಕೆಳಗಿಟ್ಟರು. "ಅಷ್ಟು ದೂರ ನಮಗೇನೈತೆ ಸಾ? ನಮ್ ಬೀದಿನೇ ಇನ್ನೂರೆಜ್ಜೆ. ಇದ್ನ ಯಾರ್ ಮಕಕ್ಕೆ ಬುಟ್ರೂ ಕಣ್ಣು ಕತ್ಲೆ ಬತ್ತದೆ. ಬೆಳಕು ಬುಟ್ಟೋರು ಯಾರು ಅಂತ ಅವ್ರಿಗೆ ಕಾಣಾಕಿಲ್ಲ. ಕಾಣ್ದಿದ್ರೆ ಎದುರ್ಕತಾರೆ. ಎದುರ್ಕಂಡೋರೇ ಸಾ ಕಲ್ಲೆತ್ಕಳೋದು."

ಕೊನೆಗೆ ಅವರು ಆರಿಸಿದ್ದು ಹಳದಿ ಬೆಳಕಿನ, ಹೆಬ್ಬೆರಳಿಗೆ ಸಲೀಸಾಗಿ ಸಿಗುವ ಸ್ವಿಚ್ಚಿದ್ದ ಒಂದು ಸಾದಾ ಟಾರ್ಚು. ಯಾರೂ ಕೇಳುವುದಿಲ್ಲವೆಂದು ನಾನು ಮೂಲೆಗೆ ತಳ್ಳಿದ್ದ ಮಾಲು ಅದು. ಆಮೇಲೆ ಸೀಟಿ. ಒಂದು ಲೋಟ ನೀರು ತರಿಸಿ, ಒಂದೊಂದೇ ಸೀಟಿಯನ್ನು ಮುಳುಗಿಸಿ ತೆಗೆದು ಊದಿದರು. ಒಳಗೆ ಗುಂಡಿದ್ದ ಸ್ಟೀಲಿನ ಸೀಟಿ ಬುಸ್ಸೆಂದಿತು. ಗುಂಡಿಲ್ಲದ ಪ್ಲಾಸ್ಟಿಕ್ಕಿನದು ಒದ್ದೆಯಲ್ಲೂ ಕೂಗಿತು. "ಇದೇ ಇರ್ಲಿ. ಎಲ್ಲಾರ್ದೂ ಒಂದೇ ಥರದ್ದು. ಬೇರೆ ದನಿ ಕೇಳುದ್ರೆ ನಮ್ಮೋರಲ್ಲ ಅಂತ ಗೊತ್ತಾಯ್ತದೆ." ಮಳೆಕೋಟನ್ನು ಕಿವಿಯ ಹತ್ತಿರ ಹಿಡಿದು ಉಜ್ಜಿ, ಪರಪರ ಎನ್ನುತ್ತದೆ, ಹಿಂದೆ ಬರುವವರ ಹೆಜ್ಜೆ ಕೇಳಿಸುವುದಿಲ್ಲ ಎಂದು ಬೇಡವೆಂದರು. ಗಸ್ತಿನ ಪುಸ್ತಕಕ್ಕೆ ಪೆನ್ನಿನ ಬದಲು, ಒದ್ದೆಯಲ್ಲೂ ಅಳಿಸದ ಪೆನ್ಸಿಲ್ಲು. ಚಪ್ಪಲಿಯ ಬದಲು ಲೇಸು ಕಟ್ಟುವ ಬೂಟು. ಬೀದಿಯ ಎರಡೂ ತುದಿಗೆ ಮರಳು ತುಂಬಿದ ಬಕೆಟ್ಟು.

ಅಷ್ಟು ಹೊತ್ತಿಗೆ ಅಂಗಡಿಗೆ ಬಂದ ಗಿರಾಕಿಗಳೆಲ್ಲ ತಮ್ಮ ಕೆಲಸ ಮರೆತು ಅವರ ಸುತ್ತ ನಿಂತಿದ್ದರು. ಇಷ್ಟು ವರ್ಷ ನಾನು ಮಾರಿದ ಸೀಟಿಯನ್ನು ನೀರಿಗೆ ಹಾಕಿ ನೋಡಬೇಕೆಂದು ನನಗೆ ಯಾಕೆ ಹೊಳೆಯಲಿಲ್ಲ? ಆ ಪ್ರಶ್ನೆ ನನ್ನನ್ನು ಚುಚ್ಚುತ್ತಿತ್ತು. ಅವರನ್ನು ಎಲ್ಲಾದರೂ ಹಿಡಿಯಬೇಕೆಂದು, ದೂರಕ್ಕೆ ಮಿಂಚುವ ಕಿತ್ತಳೆ ಜಾಕೆಟ್ಟನ್ನು ತೆಗೆದು ತೋರಿಸಿದೆ. ಕಾಡಿನವರಲ್ಲವೇ, ಹಸಿರು ಕೇಳುತ್ತಾರೆ, ಆಗ ಇದು ಕಾಡಲ್ಲ ಎಂದು ಹೇಳಬಹುದು ಎಂದುಕೊಂಡಿದ್ದೆ.

"ಇದು ಬೇಕೇ ಬೇಕು" ಎಂದರು ಅವರು. "ಅಲ್ಲಿ ನಾವು ಕಾಣಬಾರ್ದಿತ್ತು. ಇಲ್ಲಿ ಕಾಣೋದೇ ಕೆಲಸ. ಯಾರೋ ಎದ್ದವ್ರೆ ಅಂತ ಗೊತ್ತಾದ್ರೆ ಆಯ್ತು."

ಕೊನೆಗೆ ಫೈಬರ್ ಲಾಠಿಯ ಮಾತೆತ್ತಿದೆ. ನಮ್ಮಲ್ಲಿ ಇಲ್ಲ, ಕೆ.ಆರ್. ನಗರದಿಂದ ತರಿಸಿಕೊಡುತ್ತೇನೆ ಎಂದೆ. ಅವರು ತಲೆಯಾಡಿಸಿದರು. "ಬ್ಯಾಡಿ ಸಾ. ಕ್ಯಾಂಪ್ನಾಗೆ ಒಬ್ಬನ ಕೈಲಿ ಕೋವಿ ಇರೋ ದಿನ ನಾವೆಲ್ಲ ಅವನ್ನೇ ಕಾಯ್ತಿದ್ದೋ, ಕಾಡ್ನಲ್ಲ. ಈ ಬೀದಿಗೆ ಕೋಲು ಬ್ಯಾಡ."

ನನ್ನ ಹೆಂಡತಿ ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದಳು. ಕ್ಯಾಂಪಿನಲ್ಲಿ ಒಮ್ಮೆ ಸಲಗವೊಂದು ಅಡುಗೆಮನೆಗೆ ಸೊಂಡಿಲು ಹಾಕಿ ಉಪ್ಪಿನ ಡಬ್ಬಿ ಎತ್ತಿಕೊಂಡು ಹೋದದ್ದನ್ನೂ, ತಾವೆಲ್ಲ ಎಂಟು ದಿನ ಉಪ್ಪಿಲ್ಲದ ಸಾರು ಉಂಡದ್ದನ್ನೂ ಅವರು ಹೇಳಿದರು. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಣ್ಣಾ, ಇನ್ನೊಂದು ಸ್ವಲ್ಪ ಕಾಫಿ ಹಾಕಲಾ?" ಎಂದು ಕೇಳಿದಳು. ಅವಳನ್ನು ಹಾಗೆ ನಗಿಸಿ ನನಗೆ ಎಷ್ಟು ವರ್ಷವಾಗಿತ್ತೋ. ಲೋಟಕ್ಕೆ ಬೀಳುತ್ತಿದ್ದ ಕಾಫಿ ನೋಡುತ್ತ, ಇವರನ್ನು ಹೇಗಾದರೂ ಸುಳ್ಳು ಮಾಡಿ ತೋರಿಸಬೇಕೆಂದು ನಾನು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

ಆ ಮಧ್ಯಾಹ್ನವೇ ಕೆ.ಆರ್. ನಗರಕ್ಕೆ ಹೋಗಿ, ಪರಿಚಯದ ವ್ಯಾಪಾರಿಯಿಂದ ಮೂರು ಫೈಬರ್ ಲಾಠಿ ತಂದೆ. ನನ್ನ ಮಾತಿಗೆ ತಲೆದೂಗುವ ಇಬ್ಬರು ಸ್ನೇಹಿತರನ್ನು ಕರೆದು ಹೇಳಿದೆ. "ಸೀಟಿ ಊದಿದ್ರೆ ಓಡಿಹೋಗಕ್ಕೆ ಅವರೇನು ಕೋತಿಗಳಾ? ನಾವು ಮೂವರು ಸರಿಯಾಗಿ ನಿಲ್ಲೋಣ." ನಮ್ಮ ಸರದಿ ಮೊದಲ ಸಂಜೆಯೇ ಇತ್ತು. ಕಿತ್ತಳೆ ಜಾಕೆಟ್ಟನ್ನು ಮನೆಯಲ್ಲೇ ಬಿಟ್ಟು, ಬೈಕಿನ ಹೆಲ್ಮೆಟ್ಟು ಹಾಕಿ ಗಾಜು ಇಳಿಸಿಕೊಂಡು, ಲಾಠಿ ಹಿಡಿದು ಬೀದಿಯ ತುದಿಯಲ್ಲಿ ನಿಂತೆವು. ನನಗೆ ಬಹಳ ವರ್ಷಗಳ ಮೇಲೆ ಎದೆ ಅಗಲವಾದಂತೆ ಅನಿಸಿತು.

ಅರ್ಧ ಗಂಟೆಯಾಗಿರಬೇಕು. ಮುಖ್ಯರಸ್ತೆಯಿಂದ ಒಬ್ಬ ಹೆಂಗಸು ಮಗಳ ಕೈ ಹಿಡಿದು ಬೇಗಬೇಗ ನಡೆದು ಬರುತ್ತಿದ್ದಳು. ನಾನು ಆ ಭಾರಿ ಟಾರ್ಚನ್ನು ಅವರ ಮೇಲೆ ಬಿಟ್ಟೆ. ಆಕೆ ಕೈಯನ್ನು ಮುಖಕ್ಕೆ ಅಡ್ಡ ಹಿಡಿದು ಗಕ್ಕನೆ ನಿಂತಳು. "ಯಾರು?" ಎಂದು ನಾನು ಲಾಠಿ ಎತ್ತಿದೆ. ಹೆಲ್ಮೆಟ್ಟಿನೊಳಗಿಂದ ನನ್ನ ದನಿ ನನಗೇ ಬೇರೆ ಯಾರದೋ ಹಾಗೆ ಕೇಳಿಸಿತು. ಆಕೆ ಮಗಳನ್ನು ಎಳೆದುಕೊಂಡು ಬಂದ ದಾರಿಯಲ್ಲೇ ಓಡಿದಳು. ಒಂದು ಚಪ್ಪಲಿ ರಸ್ತೆಯಲ್ಲೇ ಉಳಿಯಿತು. ನೋಡಿದಿರಾ, ಓಡಿಸಿದೆವು ಎಂದು ನನ್ನ ಸ್ನೇಹಿತರಲ್ಲೊಬ್ಬ ನಕ್ಕ.

ಸ್ವಲ್ಪ ಹೊತ್ತಿಗೆ ಪೊಲೀಸ್ ಜೀಪು ಬಂತು. ಹೆಲ್ಮೆಟ್ಟು ಹಾಕಿದ ಗುಂಪೊಂದು ದೊಣ್ಣೆ ಹಿಡಿದು ಕಾಯುತ್ತಿದೆ ಎಂದು ಆಕೆಯೇ ಫೋನ್ ಮಾಡಿದ್ದಳು. ನಿಷೇಧಾಜ್ಞೆ ಇರುವಾಗ ಕೈಯಲ್ಲಿ ಲಾಠಿ. ನಮ್ಮ ಮಾತು ಕೇಳುವವರಾರು? "ಹತ್ತಿ" ಎಂದರು ಇನ್ಸ್‌ಪೆಕ್ಟರು. ನಮ್ಮದೇ ಬೀದಿಯ ಕಿಟಕಿಗಳು ನೋಡುತ್ತಿರುವಾಗ ಜೀಪಿನ ಹಿಂದೆ ಹತ್ತಿದೆವು.

ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತಾಗ ಗೊತ್ತಾಯಿತು, ಓಡಿಹೋದ ಹೆಂಗಸು ನಮ್ಮ ಬೀದಿಯ ಕೊನೆಯ ಮನೆಯ ಟೈಲರ್. ಅವಳ ಹೊಲಿಗೆ ಮಷಿನ್ನಿಗೆ ಎಣ್ಣೆ, ಸೂಜಿ ಕೊಡುತ್ತಿದ್ದವನೇ ನಾನು. ಅವಳೂ ಅಲ್ಲೇ ಬಾಗಿಲ ಬಳಿ ನಿಂತಿದ್ದಳು. ಮಗಳು ಅವಳ ಬೆನ್ನ ಹಿಂದೆ ಅವಿತುಕೊಂಡಿದ್ದಳು. ಹೆಲ್ಮೆಟ್ಟು ತೆಗೆದ ನನ್ನ ಮುಖ ಕಂಡು ಅವಳು ಬೆಪ್ಪಾದಳು. "ಅಣ್ಣಾ, ನೀವಾ? ಮಕ ಕಂಡಿದ್ರೆ ನಾನ್ಯಾಕೆ ಓಡ್ತಿದ್ದೆ?" ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಷ್ಟರಲ್ಲಿ ಮೇಷ್ಟ್ರ ಜೊತೆ ಅವರು ಬಂದರು. ಮೈಮೇಲೆ ಕಿತ್ತಳೆ ಜಾಕೆಟ್ಟು, ಕೊರಳಲ್ಲಿ ದಾರಕ್ಕೆ ಕಟ್ಟಿದ ಸೀಟಿ. ಇನ್ಸ್‌ಪೆಕ್ಟರ ಮುಂದೆ ಕೈಕಟ್ಟಿ ನಿಂತು ಅವರು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

"ತಪ್ಪು ನಂದು ಸಾ. ಸಾಮಾನು ಆರ್ಸೋ ಕೆಲ್ಸ ನಂಗೆ ಕೊಟ್ಟಿದ್ರು. ಕೋಲು ನೋಡ್ತೀನಿ, ತರ್ಸಿ ಅಂತ ನಾನೇ ಇವ್ರಿಗೆ ಏಳಿದ್ದೆ. ಬ್ಯಾಡ ಅಂತ ಏಳೋದು ತಡ ಆಗೋಯ್ತು. ಇವ್ರು ಒಳ್ಳೇ ಜನ."

ಇನ್ಸ್‌ಪೆಕ್ಟರು ಲಾಠಿಗಳನ್ನು ಅಲ್ಲೇ ಇಟ್ಟುಕೊಂಡು, ನಾಲ್ಕು ಬಿರುಸು ಮಾತಾಡಿ ನಮ್ಮನ್ನು ಬಿಟ್ಟರು. ನಡೆದು ಬರುವಾಗ ನಾನು ಅವರಿಗೆ ಕೃತಜ್ಞನಾಗಿರಬೇಕಿತ್ತು. ಆದರೆ ಅವರ ಸುಳ್ಳು ನನ್ನ ನಿಜಕ್ಕಿಂತ ದೊಡ್ಡದಾಗಿತ್ತಲ್ಲ, ಅದನ್ನೂ ನನ್ನಿಂದ ಸಹಿಸಲಾಗಲಿಲ್ಲ. "ನೀವು ಹಾಗೆ ಹೇಳಬೇಕಾಗಿರಲಿಲ್ಲ" ಎಂದೆ.

"ಓಗ್ಲಿ ಬುಡಿ ಸಾ. ನಾಳಿಕ್ಕೆ ಆ ಯಮ್ಮನ ಮನೆಗೋಗಿ ಒಂದ್ಮಾತು ಆಡ್ಬುಡಿ. ಮಗು ಎದುರ್ಕಂಡದೆ" ಎಂದರು.

ಹೋದೆ. ಉಳಿದಿದ್ದ ಅವಳ ಚಪ್ಪಲಿಯನ್ನು ಕಾಗದದಲ್ಲಿ ಸುತ್ತಿ ಒಯ್ದೆ. ತಪ್ಪಾಯಿತೆಂದು ಹೇಳಿದೆ. ಅವಳು ಟೀ ಕೊಟ್ಟಳು. ಹುಡುಗಿ ಒಳಗಿನಿಂದ ಬರಲಿಲ್ಲ.

ಆಮೇಲಿನ ದಿನಗಳಲ್ಲಿ ನಮ್ಮ ಬೀದಿಯಲ್ಲಿ ಏನೂ ಆಗಲಿಲ್ಲ. ಸಂಜೆಯಾದರೆ ಕಿತ್ತಳೆ ಜಾಕೆಟ್ಟುಗಳು ಇಬ್ಬಿಬ್ಬರಾಗಿ ಓಡಾಡುತ್ತಿದ್ದವು. ಗೋಡೆಯಾಚೆಯ ಮನೆಯವರೂ ನಾನೂ ಒಂದೇ ಸರದಿಯಲ್ಲಿದ್ದೆವು. ಹದಿನೈದು ದಿನದಲ್ಲಿ ಊರು ತಣ್ಣಗಾಯಿತು. ಎಲ್ಲರ ಬಾಯಲ್ಲೂ ಆ ವಾಚರ್ ಅವರದೇ ಮಾತು. ಮೇಷ್ಟ್ರು ಕಂಡಕಂಡವರಿಗೆ ನೀರಿನ ಲೋಟದ ಸೀಟಿಯ ಕಥೆ ಹೇಳುತ್ತಿದ್ದರು. ಅದು ನಡೆದದ್ದು ನನ್ನ ಅಂಗಡಿಯಲ್ಲಿ ಎಂಬುದನ್ನು ಮಾತ್ರ ಬಿಟ್ಟುಬಿಡುತ್ತಿದ್ದರು.

ಗಲಾಟೆಯ ಬಿಸಿ ಕೆ.ಆರ್. ನಗರಕ್ಕೂ ತಗಲಬಹುದೆಂದು ಅಲ್ಲಿಯವರು ಹೆದರಿದ್ದರು. ಅಲ್ಲಿದ್ದ ನನ್ನ ಷಡ್ಡಕ ಫೋನ್ ಮಾಡಿದ. "ನಿಮ್ಮ ಬೀದೀಲಿ ಬಹಳ ಚೆನ್ನಾಗಿ ಮಾಡಿದ್ರಂತೆ. ಏನೇನು ತಗೊಂಡ್ರಿ ಭಾವ?"

ನಾನು ಹೇಳಿದೆ. ಹಳದಿ ಟಾರ್ಚು, ಗುಂಡಿಲ್ಲದ ಸೀಟಿ, ಪೆನ್ಸಿಲ್ಲು, ಮರಳು. ಲಾಠಿ ಯಾಕೆ ಬೇಡವೆಂಬುದನ್ನೂ ಹೇಳಿದೆ. ಆತ ಬೆರಗಾಗಿ, ಬಂದು ನಮ್ಮವರಿಗೆ ನಾಲ್ಕು ಮಾತು ಹೇಳಿ ಎಂದ. ಭಾನುವಾರ ಹೋದೆ. ಸಣ್ಣ ಸಭಾಂಗಣದ ತುಂಬ ಜನ. ಸೀಟಿಯನ್ನು ನೀರಿಗೆ ಅದ್ದಿ ಊದಿ ತೋರಿಸಿದೆ. ಜನ ತಲೆದೂಗಿದರು. ಕೊನೆಗೆ ಒಂದು ಶಾಲು ಹೊದಿಸಿದರು. ಅಷ್ಟು ಹೊತ್ತೂ "ನಾವು ಯೋಚನೆ ಮಾಡಿದೆವು", "ನನಗೆ ಅನಿಸಿತು" ಎಂದೇ ಮಾತಾಡಿದೆ.

ಶಾಲು ನೋಡಿ ಹೆಂಡತಿ ಕೇಳಿದಳು. "ಇದೆಲ್ಲ ಆರಿಸಿದ್ದು ಆ ಅಣ್ಣ ಅಂತ ಹೇಳಿದ್ರಾ?"

"ಹೊತ್ತಾಗಿತ್ತು" ಎಂದೆ.

ಅವಳು ಶಾಲನ್ನು ಮಡಚಿ ಬೀರುವಿನಲ್ಲಿಟ್ಟಳು. ಮೂರನೇ ದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಕುಳಿತು ಮಗಳ ಬಿಳಿ ಬೂಟಿಗೆ ಬಣ್ಣ ಹಚ್ಚುತ್ತಿದ್ದರು. ಕೆ.ಆರ್. ನಗರಕ್ಕೆ ಹೋದದ್ದು, ಅವರ ಮಾತನ್ನು ನನ್ನದೆಂದು ಹೇಳಿದ್ದು, ಶಾಲು ಹೊದ್ದುಕೊಂಡದ್ದು, ಎಲ್ಲವನ್ನೂ ನಿಂತೇ ಹೇಳಿದೆ. ಅವರು ಬ್ರಷ್ಷು ಕೆಳಗಿಟ್ಟು ಬಹಳ ಆಸಕ್ತಿಯಿಂದ ಕೇಳಿದರು.

"ಅಲ್ಲಿ ಬೀದಿ ಎಂಗೈತೆ ಸಾ? ಗದ್ದೆ ಪಕ್ಕನಾ?"

"ಹೌದು, ಕಾಲುವೆ ಪಕ್ಕ."

"ಅಂಗಾರೆ ನಾಯಿ ಜಾಸ್ತಿ ಇರ್ತವೆ. ಜೇಬ್ನಾಗೆ ಬಿಸ್ಕತ್ತು ಇಟ್ಕಳಿ ಅಂತ ಏಳ್ಬೇಕಿತ್ತು. ಫೋನ್ ಮಾಡಿ ಏಳಿ."

ಅಷ್ಟು ಹೇಳಿ ಅವರು ಮತ್ತೆ ಬೂಟು ಎತ್ತಿಕೊಂಡರು. ಕೋಪವಿಲ್ಲ, ಕ್ಷಮಿಸಿದೆ ಎಂಬ ದೊಡ್ಡಸ್ತಿಕೆಯೂ ಇಲ್ಲ. ತನ್ನದನ್ನು ಒಬ್ಬ ಕದ್ದ ಎಂದು ಅವರಿಗೆ ಅನಿಸಿಯೇ ಇರಲಿಲ್ಲ. ನಾನು ಮನೆಗೆ ಬಂದು ಷಡ್ಡಕನಿಗೆ ಫೋನ್ ಮಾಡಿ, ಪಟ್ಟಿ ಯಾರದೆಂದು ಹೇಳಿದೆ, ಬಿಸ್ಕತ್ತಿನ ಮಾತನ್ನೂ ಹೇಳಿದೆ. ಹೇಳಿದ್ದರಿಂದ ಮನಸ್ಸು ಹಗುರವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಹೊಟ್ಟೆಕಿಚ್ಚು ಎಂದರೇನೆಂದು ಗೊತ್ತೇ ಇಲ್ಲದಂತೆ ಬದುಕುವ ಆ ಮನುಷ್ಯನನ್ನು ಬೀದಿಯಲ್ಲಿ ಕಂಡಾಗಲೆಲ್ಲ ನನಗೆ ಈಗಲೂ ಹೊಟ್ಟೆಯುರಿಯುತ್ತದೆ.