ರೂತ್‌ಳ ಕಥೆ ಕೇಳಿದ ಅತ್ತೆ

ಅಮೆರಿಕದ ಗೈದರ್ಸ್‌ಬರ್ಗ್‌ನ ಯಹೂದಿ ಮಂದಿರದಲ್ಲಿ ಶಾವುವೋಟ್ ಹಬ್ಬದ ಬೆಳಿಗ್ಗೆ ತಮ್ಮ ಧರ್ಮಗ್ರಂಥದ ರೂತ್‌ಳ ಕಥೆಯನ್ನು ಇಂಗ್ಲಿಷ್‌ನಲ್ಲಿ ಓದುತ್ತಿದ್ದರು. ನಮ್ಮನ್ನು ಕರೆತಂದವರು ಪಕ್ಕದ ಮನೆಯ ಮಿರಿಯಮ್ ಆಂಟಿ. ನಾನು ಅತ್ತೆಯ ಕಿವಿಯಲ್ಲಿ ಮೆಲ್ಲಗೆ ಕನ್ನಡದಲ್ಲಿ ಹೇಳಿದೆ: ಗಂಡ ಸತ್ತ ಮೇಲೆ ಅತ್ತೆ ಎಷ್ಟು ಹೇಳಿದರೂ ರೂತ್ ತವರಿಗೆ ಹೋಗದೆ ಅವಳ ಜೊತೆಗೇ ನಡೆದಳು.

ನನ್ನ ಗಂಡ ತೀರಿಕೊಂಡು ಆಗ ಒಂದು ವರ್ಷ. “ನೀ ಬ್ಯಾರೆ ಮದುವಿ ಆಗವ್ವಾ, ನಾ ಧಾರವಾಡಕ್ಕ ಹೋಗ್ತೀನಿ” ಎಂದು ಅತ್ತೆ ದಿನವೂ ಹೇಳುತ್ತಿದ್ದರು.

ಕಥೆ ಕೇಳಿ ಅವರು ಕಣ್ಣೊರೆಸಿಕೊಂಡು, “ಆ ಅತ್ತಿ ಆಮ್ಯಾಲೆ ಏನಂದ್ಲು?” ಎಂದರು.

“ಮತ್ತ ಹೋಗು ಅನ್ನಲಿಲ್ಲರಿ.”

“ಹಂಗಾದ್ರ ನಾನೂ ಅನ್ನೂದಿಲ್ಲ ಬಿಡು.”

ಹಬ್ಬದ ಚೀಸ್‌ಕೇಕನ್ನು ಅತ್ತೆ ಎರಡು ಸಲ ಹಾಕಿಸಿಕೊಂಡರು. ಮನೆಗೆ ಬಂದವರೇ, ಧಾರವಾಡಕ್ಕೆಂದು ಕಟ್ಟಿಟ್ಟಿದ್ದ ಸೂಟ್‌ಕೇಸ್ ಬಿಚ್ಚಿ, ತಮ್ಮ ಸೀರೆಗಳನ್ನು ನನ್ನ ಕಪಾಟಿನಲ್ಲಿ ಜೋಡಿಸಿಟ್ಟರು. ಅಂದಿನಿಂದ ಅದು ನಮ್ಮಿಬ್ಬರ ಮನೆ.