ಎಡಕ್ಕೆ ಎಳೆಯುವ ಕಂಟ್ರೋಲರು

ಥೂ! ಆ ಕಂಟ್ರೋಲರನ್ನು ಮೊದಲ ಸಲ ಕೈಗೆ ತೆಗೆದುಕೊಂಡಾಗ ನನ್ನ ಬಾಯಿಂದ ಹೊರಟದ್ದು ಇದೊಂದೇ ಮಾತು. ನನ್ನ ಮೈದುನ ಐದಾರು ವರ್ಷ ಅದನ್ನು ಹಿಡಿದು ಆಟ ಆಡಿದ್ದ. ಟಿವಿಗೆ ಹಚ್ಚುವ ಆಟದ ಪೆಟ್ಟಿಗೆ ಸುಟ್ಟುಹೋದ ಮೇಲೂ ಇದೊಂದು ಉಳಿದಿತ್ತು. ಹಿಡಿದರೆ ಬೆರಳು ಅಂಟುತ್ತಿದ್ದವು. ಗುಂಡಿಗಳ ಸುತ್ತ ಕರಿ ಜಿಡ್ಡು, ಎರಡು ಹೋಳು ಕೂಡುವ ಸಂದಿನಲ್ಲಿ ಶೇಂಗಾ ಸಿಪ್ಪೆ, ಮಿರ್ಚಿ ಬಜಿಯ ಎಣ್ಣೆ, ಯಾರದೋ ಒಂದು ಕೂದಲು. ಎಲ್ಲದರ ಮೇಲೂ ಗುಟ್ಕಾದ ಆ ಸಿಹಿ ಸಿಹಿಯಾದ ಹೊಲಸು ವಾಸನೆ. ನಾನು ಅದನ್ನು ಎರಡು ಬೆರಳಲ್ಲಿ ಸತ್ತ ಇಲಿಯ ಹಾಗೆ ಎತ್ತಿಕೊಂಡು ಬಚ್ಚಲಿಗೆ ಒಯ್ದೆ.

ಮೈದುನನಿಗೆ ಆಗ ಇಪ್ಪತ್ತೆಂಟು. ಅಗರಖೇಡದ ಹಾದಿಯಲ್ಲಿ ನಮ್ಮ ನಿಂಬೆ ತೋಟ, ತೋಟದಲ್ಲೇ ಮನೆ. ಗಿಡಗಳಿಗೆ ನೀರು ಬಿಡುವುದು ಅವನ ಕೆಲಸ. ನೀರು ಬಿಟ್ಟು ಬಂದರೆ ಕಂಪ್ಯೂಟರಿನ ಮುಂದೆ ಕೂತ ಎಂದೇ ಲೆಕ್ಕ. ಪಕ್ಕದಲ್ಲಿ ಅರ್ಧಕ್ಕೆ ಕತ್ತರಿಸಿದ ನೀರಿನ ಬಾಟಲಿ. ಅದರೊಳಗೆ ಅವನು ಉಗುಳುತ್ತಿದ್ದ. ಆ ಬಾಟಲಿಯನ್ನು ನೋಡಿದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡು ಆ ಕೋಣೆ ಗುಡಿಸುತ್ತಿದ್ದೆ. ಮದುವೆಯಾಗಿ ಬಂದು ಹನ್ನೆರಡು ವರ್ಷವಾದರೂ ಅವನ ಕೈಯಿಂದ ಒಂದು ಲೋಟ ನೀರು ಇಸಿದುಕೊಂಡವಳಲ್ಲ. ಅವನಿಗೂ ಅದು ಗೊತ್ತಿತ್ತು. ಏನಾದರೂ ಕೊಡಬೇಕಾದರೆ ನನ್ನ ಮುಂದೆ ನೆಲದ ಮೇಲೆ ಇಟ್ಟು ಹೋಗುತ್ತಿದ್ದ.

ಇಂಥ ಹೇಸಿಗೆಯನ್ನು ನಾನೇ ಕೇಳಿ ತೆಗೆದುಕೊಂಡದ್ದಕ್ಕೆ ಕಾರಣವಿತ್ತು. ನಮ್ಮ ಮಹಿಳಾ ಸಂಘಕ್ಕೆ ಬೆಳೆಗೆ ಔಷಧ ಸಿಂಪಡಿಸುವ ಒಂದು ಡ್ರೋನ್ ಬರುವುದಿತ್ತು. ಅದನ್ನು ಹಾರಿಸಲು ಪರೀಕ್ಷೆ ಇಟ್ಟು ಸಂಘದಿಂದ ಒಬ್ಬಳನ್ನು ಮಾತ್ರ ಆರಿಸುತ್ತಾರೆ. ನಾನೂ ಹೆಸರು ಕೊಟ್ಟೆ, ಇನ್ನೊಬ್ಬಳೂ ಕೊಟ್ಟಳು. ಆ ಹನ್ನೆರಡು ವರ್ಷವೂ ಬಕೆಟ್ಟಿನಲ್ಲಿ ಔಷಧ ಕಲಸಿದವಳು ನಾನು. ಪಂಪು ಬೆನ್ನಿಗೆ ಹಾಕಿಕೊಂಡು ಸಾಲಿನಲ್ಲಿ ಹೋಗುವ ಗಂಡಸರಿಗೆ ತುಂಬಿ ತುಂಬಿ ಕೊಟ್ಟವಳು. ಮೂರು ಸಲ ಸಾಬೂನು ಹಚ್ಚಿ ಕೈ ತೊಳೆದರೂ ಬಡಿದ ರೊಟ್ಟಿಗೆ ಆ ವಾಸನೆ. ಸಿಂಪಡಿಸುವ ದಿನ ವಾಂತಿ ಮಾಡದೆ ಮಲಗಿದ್ದು ನೆನಪಿಲ್ಲ. ಆ ಬಕೆಟ್ಟಿನಿಂದ ನನಗೆ ಬಿಡುಗಡೆ ಬೇಕಿತ್ತು. ಹೊಲದ ಬದುವಿನ ಮೇಲೆ ನಿಂತು ಯಂತ್ರ ಹಾರಿಸುವವಳು ನಾನಾಗಬೇಕಿತ್ತು, ಬೇಕೇ ಬೇಕಿತ್ತು.

ಕಲಿಸಲು ಬಂದ ಸರ್ ಒಂದು ಅಭ್ಯಾಸದ ಸಾಫ್ಟ್‌ವೇರ್ ಕೊಟ್ಟು ಹೇಳಿದರು: "ಮನ್ಯಾಗ ಕಂಪ್ಯೂಟರ್ ಇದ್ರ ಇದನ್ನ ಹಾಕ್ಕೊಳ್ರಿ. ಗೇಮ್ ಆಡೂ ಕಂಟ್ರೋಲರ್ ಯಾರದರೆ ಇದ್ರ ಅದಕ್ಕ ಜೋಡಿಸ್ರಿ. ಡ್ರೋನಿಂದೂ ಹಂಗ ಇರ್ತೈತಿ, ಎರಡು ಹೆಬ್ಬೆರಳಿನ ಕೆಲಸ. ಪರೀಕ್ಷಾನೂ ಕಂಪ್ಯೂಟರ್ ಮ್ಯಾಲೇ ಇರ್ತೈತಿ, ಅದಕ್ಕ ಬರೂ ಮುಂದ ನಿಮ್ಮ ಕೈಗೆ ರೂಢಿ ಆಗಿದ್ದನ್ನ ತರ್ರಿ."

ಸರಿ, ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದು ಬೆಂಕಿಕಡ್ಡಿ, ಸ್ಯಾನಿಟೈಸರ್ ಹಾಕಿದ ಚಿಂದಿ ಬಟ್ಟೆ ಹಿಡಿದು ಕೂತೆ. ಸಂದಿನಿಂದ ಕೊಳೆ ಉದ್ದುದ್ದ ಎಳೆಯಾಗಿ ಹೊರಬಂತು. ಓಕರಿಕೆ ಬಂದು ಎರಡು ಸಲ ಎದ್ದು ಹೋದೆ. ಮಧ್ಯಾಹ್ನ ಮುಗಿಯುವ ಹೊತ್ತಿಗೆ ಅದು ಮನುಷ್ಯರು ಮುಟ್ಟುವ ವಸ್ತುವಾಯಿತು.

ಜೋಡಿಸುವುದು ಇನ್ನೊಂದು ರಾಮಾಯಣ. ಮೊಬೈಲ್ ಚಾರ್ಜರಿನ ವೈರನ್ನೇ ಕಂಪ್ಯೂಟರಿಗೂ ಕಂಟ್ರೋಲರಿಗೂ ಚುಚ್ಚಿದೆ. ಕಂಟ್ರೋಲರಿನ ದೀಪ ಹತ್ತಿತು, ಆದರೆ ಕಂಪ್ಯೂಟರಿಗೆ ಸುದ್ದಿಯೇ ಇಲ್ಲ. ತೆಗೆದು ಹಾಕಿದೆ, ಹಾಕಿ ತೆಗೆದೆ, ಬೈದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮೈದುನ ಬಾಯಿ ತೊಳೆದುಕೊಂಡು ಬಂದ.

"ವೈನಿ, ಅದು ಬರೇ ಕರೆಂಟ್ ಒಯ್ಯೂ ವೈರ್ ಐತ್ರಿ. ಮಾತು ಒಯ್ಯಂಗಿಲ್ಲ" ಎಂದು ಬೇರೊಂದು ದಪ್ಪ ವೈರು ತಂದು ನನ್ನ ಮುಂದೆ ನೆಲದ ಮೇಲೆ ಇಟ್ಟ. ಅದನ್ನು ಚುಚ್ಚಿದ ಕೂಡಲೇ ಕಂಪ್ಯೂಟರು ಟಣ್ ಎಂದಿತು. ಪರದೆಯ ಮೇಲೆ ಒಂದು ಚೌಕ, ಅದರ ನಡುವೆ ಒಂದು ಸಣ್ಣ ಅಧಿಕ ಚಿಹ್ನೆ. ಕಂಟ್ರೋಲರಿನ ಮೇಲೆ ಎದ್ದು ನಿಂತ ಎರಡು ಗಿಡ್ಡ ಕಡ್ಡಿಗಳಲ್ಲಿ ಎಡಗಡೆಯದನ್ನು ಹೆಬ್ಬೆರಳಿನಿಂದ ಸರಿಸಿದರೆ ಚಿಹ್ನೆಯೂ ಸರಿಯುತ್ತದೆ, ಕೈ ಬಿಟ್ಟರೆ ನಡುವಿಗೆ ಬಂದು ನಿಲ್ಲುತ್ತದೆ. "ನಡಕ ನಿಂತ್ರ ಕಂಟ್ರೋಲರ್ ನೆಟ್ಟಗೈತಿ ಅಂತ ತಿಳ್ಕೊಳ್ರಿ" ಎಂದ.

ಆಮೇಲೆ ದಿನವೂ ಊಟವಾದ ಮೇಲೆ ಅಭ್ಯಾಸ. ಎಡಗಡೆಯ ಕಡ್ಡಿಯನ್ನು ಮೇಲಕ್ಕೆ ಒತ್ತಿದರೆ ಡ್ರೋನ್ ಏರಬೇಕು, ಪಕ್ಕಕ್ಕೆ ಒತ್ತಿದರೆ ನಿಂತಲ್ಲೇ ತಿರುಗಬೇಕು. ಬಲಗಡೆಯ ಕಡ್ಡಿಯಿಂದ ಹಿಂದೆ ಮುಂದೆ, ಆಕಡೆ ಈಕಡೆ. ಪರೀಕ್ಷೆಯಲ್ಲಿ ಅದನ್ನು ಒಂದು ಬಿಳಿ ವೃತ್ತದ ಮೇಲೆ ತಿರುಗದಂತೆ, ಅಲುಗದಂತೆ ಎರಡು ನಿಮಿಷ ನಿಲ್ಲಿಸಿ ಇಳಿಸಬೇಕು. ಮೊದಲ ವಾರ ನನ್ನ ಡ್ರೋನ್ ಪರದೆಯೊಳಗಿನ ಗಿಡಕ್ಕೆಲ್ಲ ಬಡಿಯಿತು. ಮೈದುನ ದೂರ ನಿಂತು ನಗುತ್ತಿದ್ದ. "ಹೆಬ್ಬೆರಳಿಗೆ ಅಷ್ಟು ಭಾರ ಹಾಕಬ್ಯಾಡ್ರಿ ವೈನಿ, ರೊಟ್ಟಿ ಬಡ್ಯಾಕತ್ತೀರೇನು? ಕೂಸಿನ ಗಲ್ಲ ಮುಟ್ಟಿದಂಗ ಮುಟ್ರಿ." ಮೂರನೆಯ ವಾರಕ್ಕೆ ಡ್ರೋನ್ ವೃತ್ತದ ನಡುವೆ ಗೂಟ ಹೊಡೆದ ಹಾಗೆ ನಿಂತಿತು. ಅವನು ಕಲಿಸಿದ್ದು ಚೆನ್ನಾಗಿತ್ತು. ಹಾಗೆಂದು ನಾನು ಅವನಿಗೆ ಹೇಳಲಿಲ್ಲ, ನಕ್ಕಾಗ ಕಾಣುವ ಆ ಕೆಂಪು ಹಲ್ಲು ನೋಡಿ ಮುಖ ತಿರುಗಿಸುತ್ತಿದ್ದೆ.

ಅಷ್ಟರಲ್ಲಿ ಮಹಾನವಮಿ ಬಂತು. ಆ ದಿನ ನಮ್ಮ ಕಡೆ ಖಂಡೆ ಪೂಜೆ. ಕುಡಗೋಲು, ಸಲಿಕೆ, ಔಷಧದ ಪಂಪು, ಮೋಟರಿನ ಸ್ಟಾರ್ಟರು, ಅನ್ನ ಕೊಡುವ ಎಲ್ಲದಕ್ಕೂ ಪೂಜೆಯಾಗಬೇಕು. ನಾಳೆ ನನಗೆ ಅನ್ನ ಕೊಡುವುದು ಇದೇ ಅಲ್ಲವೇ ಎಂದುಕೊಂಡು ಕಂಟ್ರೋಲರನ್ನೂ ಸಾಲಿನಲ್ಲಿ ಇಟ್ಟೆ. ವಿಭೂತಿ ಎಳೆದೆ, ಕುಂಕುಮ ಹಚ್ಚಿದೆ, ನಿಂಬೆಹಣ್ಣು ಕೊಯ್ದು ಕುಂಕುಮದಲ್ಲಿ ಅದ್ದಿ ಎಲ್ಲದರ ಮೇಲೂ ಒಂದೊಂದು ಹೋಳು ಇಟ್ಟೆ, ಅಕ್ಷತೆ ಹಾಕಿ ಕೈಮುಗಿದೆ. ನಿಂಬೆ ಬೆಳೆಯುವ ಮನೆ, ಹಣ್ಣಿಗೇನು ಬರ. ಸಂಜೆ ಎಲ್ಲ ತೆಗೆದು ಒರೆಸಿಟ್ಟೆ.

ಮರುದಿನ ಬನ್ನಿ ಹಬ್ಬ. ಮಧ್ಯಾಹ್ನ ಅಭ್ಯಾಸಕ್ಕೆ ಕೂತರೆ ಡ್ರೋನ್ ತಾನೇ ತಾನಾಗಿ ಎಡಕ್ಕೆ ತಿರುಗಿತು. ಕೈ ಬಿಟ್ಟರೂ ತಿರುಗುತ್ತಿತ್ತು. ಆ ಚೌಕ ತೆರೆದು ನೋಡಿದೆ. ಯಾರೂ ಮುಟ್ಟದಿದ್ದರೂ ಚಿಹ್ನೆ ನಡುವಿನಿಂದ ಜಾರಿ ಎಡಗೋಡೆಗೆ ಹೋಗಿ ಅಂಟಿತು. ಕಂಟ್ರೋಲರನ್ನು ಬೆಳಕಿಗೆ ಹಿಡಿದೆ. ಎಡಗಡೆಯ ಕಡ್ಡಿಯ ಬುಡದಲ್ಲಿ ಸುತ್ತಲೂ ಒಣಗಿದ ಕೆಂಪು ಕಂದು ಕಲೆ.

ಗುಟ್ಕಾದ ಉಗುಳು! ನನ್ನ ಮೈಯೆಲ್ಲ ಉರಿಯಿತು. ನಾನಿಲ್ಲದಾಗ ಕದ್ದು ಆಡಿದ್ದಾನೆ, ಬಾಯಿ ತುಂಬ ರಸ ಇಟ್ಟುಕೊಂಡು ಅದರ ಮೇಲೇ ಸುರಿಸಿದ್ದಾನೆ. ಪರೀಕ್ಷೆಗೆ ಇನ್ನು ನಾಲ್ಕೇ ದಿನ. ಅಂಗಳದಲ್ಲಿ ಬನ್ನಿ ಎಲೆ ಕೊಡಲು ಬಂದ ನೆರೆಯವರು ಕೂತಿದ್ದರು, ಅತ್ತೆ ಅವರಿಗೆ ಚಹಾ ಕೊಡುತ್ತಿದ್ದರು. ಅವರೆಲ್ಲರ ಮುಂದೆಯೇ ಕಂಟ್ರೋಲರನ್ನು ಮೈದುನನ ಮುಖಕ್ಕೆ ಹಿಡಿದೆ.

"ನಿಮ್ಮಾಣಿ ವೈನಿ, ನಾ ಮುಟ್ಟಿಲ್ರಿ" ಎಂದ.

"ಮುಟ್ಟಿಲ್ಲಂತ! ಹುಟ್ಟು ಗುಣ ಸುಟ್ರೂ ಹೋಗಂಗಿಲ್ಲ. ಹಂದಿನೂ ಜಾಗಾ ನೋಡಿ ಹೊರಳತೈತಿ, ನಿನಗ ಅಷ್ಟೂ ತಿಳುವಳಿಕಿಲ್ಲ. ಈ ಬಾಯಿ ನೋಡಿ ಯಾವ ಹೆಣ್ಣು ಬರ್ತೈತಿ ಈ ಮನಿಗೆ?"

ಹೋದ ತಿಂಗಳಷ್ಟೇ ಝಳಕಿಯ ಕಡೆಯ ಹೆಣ್ಣಿನವರು ಅವನ ಹಲ್ಲು ನೋಡಿ ಎದ್ದು ಹೋಗಿದ್ದರು. ಅದು ಗೊತ್ತಿದ್ದೇ ಹೇಳಿದೆ. ಚುಚ್ಚಲಿ ಎಂದೇ ಹೇಳಿದೆ. ಅವನು ಒಳಗೆ ಹೋಗಿ ಆ ಕತ್ತರಿಸಿದ ಬಾಟಲಿ ತಂದು ತಿಪ್ಪೆಗೆ ಎಸೆದು ತೋಟದ ಕಡೆ ನಡೆದ. ಬನ್ನಿ ಕೊಟ್ಟು ಬಂಗಾರದಂಗ ಇರೂಣು ಅನ್ನುವ ದಿನ, ಮನೆಯವರಲ್ಲಿ ಅವನೊಬ್ಬನಿಗೆ ನಾನು ಬನ್ನಿ ಕೊಡಲಿಲ್ಲ.

ಪರೀಕ್ಷೆ ಸಿಂದಗಿಯಲ್ಲಿ. ಆ ದಿನ ಗಂಡ ನಿಂಬೆಹಣ್ಣು ಹೇರಿಕೊಂಡು ಇಂಡಿಗೆ ಹೋಗಿದ್ದರು. ನಾನು ಕೆಟ್ಟ ಕಂಟ್ರೋಲರನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿಗೆ ಹೊರಟಿದ್ದೆ. ಮೈದುನ ಗಾಡಿ ತಂದು ನಿಲ್ಲಿಸಿದ. "ಹತ್ರಿ. ಆಲಮೇಲದಾಗ ಒಬ್ಬಾಂವ ರಿಪೇರಿ ಮಾಡಾಂವ ಅದಾನ. ಬಿಚ್ಚಿಸಿ ನೋಡೂಣು." ಬೇರೆ ದಾರಿ ಇರಲಿಲ್ಲ, ಹತ್ತಿದೆ.

ಆಲಮೇಲದಲ್ಲಿ ಮೊಬೈಲು ರಿಪೇರಿಯ ಸಣ್ಣ ಡಬ್ಬಿ ಅಂಗಡಿ. "ಗುಟ್ಕಾ ಉಗುಳ್ಯಾನ್ರಿ ಇದರಾಗ, ಸ್ವಚ್ಛ ಮಾಡಿಕೊಡ್ರಿ" ಎಂದು ಮೈದುನನ ಎದುರಿಗೇ ಅಂಗಡಿಯವನಿಗೆ ಹೇಳಿದೆ. ಅಲ್ಲಿಯೂ ನನ್ನ ಬಾಯಿ ಸುಮ್ಮನಿರಲಿಲ್ಲ. ಅಂಗಡಿಯವನು ಸ್ಕ್ರೂ ಬಿಚ್ಚಿ ಮೇಲಿನ ಹೋಳು ಎತ್ತಿದ. ಒಳಗೆಲ್ಲ ಕೆಂಪು ಹಕ್ಕಳೆ. ಉಗುರಿನಿಂದ ಕೆರೆದು, ಬೆರಳಿನಲ್ಲಿ ತಿಕ್ಕಿ ಮೂಸಿದ.

"ಗುಟ್ಕಾ ಎಲ್ಲೈತ್ರಿ? ಇದು ಕುಂಕುಮ. ನಿಂಬಿಹುಳಿ ಕೂಡಿ ಗಟ್ಟಿಯಾಗೈತಿ."

ಎಡಗಡೆಯ ಕಡ್ಡಿಯನ್ನು ಪೂರ್ತಿ ವಾಲಿಸಿ ಚಿಮಟದಿಂದ ಏನೋ ಹಿಡಿದೆಳೆದು ಬಿಳಿ ಬಟ್ಟೆಯ ಮೇಲೆ ಹಾಕಿದ. ಅರಿಶಿನ ಹಚ್ಚಿದ ಒಂದು ಅಕ್ಕಿಕಾಳು.

ನಾನು ನೋಡಿದೆ. ಮೈದುನನೂ ನೋಡಿದ. ಗುಟ್ಕಾ ತಿನ್ನುವವನು ಅಕ್ಷತೆ ಉಗುಳುವುದಿಲ್ಲ.

ಅಂಗಡಿಯವನು ಬಿದ್ದು ಬಿದ್ದು ನಕ್ಕ. "ಯಾವ ಶ್ಯಾಣ್ಯಾನ ಕೆಲಸಾರೀ ಇದು? ಮಷಿನ್ನಿನ ಹೊಟ್ಟ್ಯಾಗ ಅಕ್ಕಿಕಾಳು!"

ಮೈದುನ ನನ್ನ ಕಡೆ ನೋಡದೆ ಹೇಳಿದ: "ನಂದ ರೀ ಅಣ್ಣಾರ. ಹಬ್ಬಕ್ಕ ನಾನ ಪೂಜಿ ಮಾಡಿದ್ನಿ."

ಅಲ್ಲ, ನಾನು ಮಾಡಿದ್ದು ಎನ್ನಬೇಕಿತ್ತು. ಎರಡೇ ಮಾತು. ಆಡಲಿಲ್ಲ. ನಾಲ್ಕು ದಿನ ಹರಿತವಾಗಿದ್ದ ನಾಲಿಗೆ ಆಗ ಬಾಯಲ್ಲೇ ಮುದುಡಿಕೊಂಡು ಬಿದ್ದಿತ್ತು. ಅಂಗಡಿಯವನು ಒರೆಸಿ, ಊದಿ, ಜೋಡಿಸಿ ಕೊಟ್ಟ. ಸಿಂದಗಿಯಲ್ಲಿ ನನ್ನ ಡ್ರೋನ್ ವೃತ್ತದ ನಡುವೆ ಎರಡು ನಿಮಿಷ ಅಲುಗದೆ ನಿಂತಿತು. ನನ್ನನ್ನೇ ಆರಿಸಿದರು.

ಊರೆಲ್ಲ ಹೊಗಳಿತು. ಅತ್ತೆ ಬಂದವರಿಗೆಲ್ಲ ಒಂದೇ ಕತೆ ಹೇಳುತ್ತಿದ್ದರು: "ನನ್ನ ಮಗ ಉಗುಳಿ ಕೆಡಿಸಿದ್ರೂ ನನ್ನ ಸೊಸಿ ಗೆದ್ದ ಬಂದಳು ನೋಡ್ರಿ." ಮೈದುನ ಅಲ್ಲೇ ಕೂತು ಕೇಳುತ್ತಿದ್ದ, ಒಮ್ಮೆಯೂ ಬಾಯಿ ಬಿಡಲಿಲ್ಲ. ನಾನು ಒಳಗೆ ಪಾತ್ರೆ ತೊಳೆಯುತ್ತಾ ಕೇಳುತ್ತಿದ್ದೆ, ನಾನೂ ಬಾಯಿ ಬಿಡಲಿಲ್ಲ. ಮೂರು ತಿಂಗಳು! ಛೀ, ಎಂಥ ಹೆಂಗಸು ನಾನು. ಅವನ ಹೊಲಸು ಬಾಯೊಳಗಿತ್ತು, ನೀರು ಹಾಕಿ ಮುಕ್ಕಳಿಸಿದರೆ ಸ್ವಲ್ಪವಾದರೂ ಹೋಗುವಂಥದ್ದು. ನನ್ನದನ್ನು ಯಾವ ಬ್ರಷ್ಷು ಹಾಕಿ ತಿಕ್ಕಲಿ? ಕನ್ನಡಿಯ ಮುಂದೆ ಕುಂಕುಮ ಹಚ್ಚಿಕೊಳ್ಳುವಾಗ ನನ್ನ ಮೇಲೆ ನನಗೇ ವಾಕರಿಕೆ ಬರುತ್ತಿತ್ತು.

ಡ್ರೋನ್ ಬಂದ ದಿನ ಅಂಗಳದ ತುಂಬ ಜನ. ಚಾಪೆಯ ಮೇಲೆ ಅದನ್ನು ಇಟ್ಟೆವು. ಅತ್ತೆ ತಟ್ಟೆ ಹಿಡಿದು ಬಂದರು. ಕುಂಕುಮ, ಕೊಯ್ದ ನಿಂಬೆಹಣ್ಣು, ಅಕ್ಷತೆ. ಹಿಡಿ ತುಂಬ ಅಕ್ಷತೆ ಎತ್ತಿದ ಅವರ ಕೈಯನ್ನು ನಾನು ಗಪ್ಪನೆ ಹಿಡಿದೆ.

"ಬ್ಯಾಡ್ರಿ ಅತ್ತಿ. ಒಂದು ಕಾಳು ಒಳಗ ಹ್ವಾದ್ರೂ ಕೆಡತೈತಿ."

"ಅಕ್ಷತಿಯಿಂದ ಯಾರ ಮಷಿನ್ ಕೆಟ್ಟೈತಿ ಯವ್ವಾ?" ಎಂದು ಅತ್ತೆ ಗದರಿದರು.

ಜನರ ಹಿಂದೆ ನಿಂತಿದ್ದ ಮೈದುನ ಬೇಡ ಎಂಬಂತೆ ನನಗೆ ತಲೆ ಅಲ್ಲಾಡಿಸಿದ. ಅದನ್ನು ನೋಡಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

"ನಂದು ಕೆಟ್ಟಿತ್ರಿ. ಕಂಟ್ರೋಲರ್ ಕೆಡಿಸಿದಾಂವ ಇವ ಅಲ್ಲ. ಖಂಡೆ ಪೂಜಿ ದಿನ ನಾನ ಕುಂಕುಮ, ನಿಂಬಿಹಣ್ಣು, ಅಕ್ಷತಿ ಹಾಕಿ ಕೆಡಿಸೇನಿ. ಗೊತ್ತಾದ ಮ್ಯಾಲೂ ಬಾಯಿ ಮುಚ್ಚಿಕೊಂಡ ಕುಂತೇನಿ."

ಅತ್ತೆ ಅಕ್ಷತೆಯನ್ನು ತಟ್ಟೆಗೆ ಸುರಿದು ತಟ್ಟೆಯನ್ನು ಕೆಳಗಿಟ್ಟರು. "ನಾಲ್ಕು ಮಂದಿ ಮುಂದ ಅವನ ಮಾನ ಕಳದಿ. ಈಗ ಆ ನಾಲ್ಕು ಮಂದಿ ಮುಂದ ಅವನ ಕೈಲೆ ಕಾಯಿ ಒಡಸು" ಎಂದರು.

ನಾನು ತೆಂಗಿನಕಾಯಿ ಒಯ್ದು ಅವನ ಕೈಗೆ ಕೊಟ್ಟೆ, ನೆಲದ ಮೇಲೆ ಇಡಲಿಲ್ಲ. ಅವನು ನಲ್ಲಿಗೆ ಹೋಗಿ ಬಾಯಿ ಮುಕ್ಕಳಿಸಿ ಉಗುಳಿ ಬಂದ, ಡ್ರೋನಿನಿಂದ ಹತ್ತು ಹೆಜ್ಜೆ ದೂರ ಹೋಗಿ ಕಲ್ಲಿಗೆ ಕಾಯಿ ಒಡೆದ. ಕೊಬ್ಬರಿಯ ಒಂದು ಚೂರು ಕಿತ್ತು ರೂಢಿಯಂತೆ ನನ್ನ ಮುಂದೆ ನೆಲದ ಮೇಲೆ ಇಡಲು ಬಾಗಿದ. ನಾನು ಅಂಗೈ ಚಾಚಿದೆ.

ಅವನ ಬೆರಳ ತುದಿಗಳು ಗುಟ್ಕಾದಿಂದ ಕಂದಾಗಿದ್ದವು, ಉಗುರಿನ ಸಂದಿಯಲ್ಲಿ ಅದೇ ಕೆಂಪು. ಕೊಬ್ಬರಿಗೂ ಅದೇ ಸಿಹಿ ಹೊಲಸು ವಾಸನೆ ಹತ್ತಿತ್ತು. ಸುಳ್ಳೇಕೆ ಹೇಳಲಿ, ಹೇಸಿಗೆ ಬಂತು. ಅವನು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದ. ನಾನು ಅದನ್ನು ತೊಳೆಯದೆ ಬಾಯಿಗೆ ಹಾಕಿಕೊಂಡು ಅಗಿದು ನುಂಗಿದೆ.