ಅರಬ್ಬರ ಊರಿನ ಜಾಲಿಮರ

ಮಧ್ಯಾಹ್ನ ಆದೋನಿ ಹತ್ತಿರ, ಆಸ್ಪರಿ ಕಡೆಯ ನಮ್ಮ ಹೊಲದ ಬದುವಿನಲ್ಲಿ, ಜಾಲಿಮರದ ಕೆಳಗೆ ಟವೆಲ್ ಹಾಸಿ ಮಲಗಿದರೆ ಸಾಕು, ಅರ್ಧ ನಿದ್ದೆಯಲ್ಲಿ ಆ ಇನ್ನೊಂದು ಊರು ಬಂದುಬಿಡುತ್ತದೆ. ಕೆಮ್ಮಿದ ಕುರಿ ಇಲ್ಲಿಯದೋ ಅಲ್ಲಿಯದೋ ತಿಳಿಯುವುದಿಲ್ಲ. ಕಣ್ಣು ಬಿಟ್ಟರೆ ನಮ್ಮದೇ ಹತ್ತಿ, ನಮ್ಮದೇ ಶೇಂಗಾ. ಮುಚ್ಚಿದರೆ ಮರಳು. ಬುತ್ತಿ ತಂದ ಹೆಂಡತಿ, "ಮತ್ತ ದುಬೈಗೆ ಹೋಗಿದ್ರೇನ್ರಿ?" ಎಂದು ನಗುತ್ತಾಳೆ. ಅದು ದುಬೈ ಅಲ್ಲವೇ ಅಲ್ಲ. ಎಷ್ಟು ಸಲ ಹೇಳಿದರೂ ಅಷ್ಟೇ!

ಅದು ಮರುಭೂಮಿಯ ನಡುವೆ ಅರಬ್ಬರ ಒಂದು ಸಣ್ಣ ಊರು. ನಾನು ಅಲ್ಲಿಗೆ ಕುರಿ ಕಾಯಲು ಹೋದವನು. ಕುರಿಗಳ ಯಜಮಾನ ಒಬ್ಬ ಮುದುಕ, ಕಣ್ಣು ಮಂಜಾಗಿದ್ದವನು. ಮೊದಲ ಬೇಸಿಗೆಯಲ್ಲಿ ಹುಲ್ಲಿನ ಲಾರಿ ಎರಡು ದಿನ ಬರಲಿಲ್ಲ. ಕುರಿಗಳ ಅರಚಾಟ ಕೇಳಲಾಗಲಿಲ್ಲ. ನಮ್ಮ ಕಡೆ ಕುರಿಗಾರ ಆಗ ಏನು ಮಾಡುತ್ತಾನೆ? ಉದ್ದನೆಯ ಗಳಕ್ಕೆ ಕುಡುಗೋಲು ಕಟ್ಟಿ ಜಾಲಿಯ ಕೊಂಬೆ ಸವರಿ ಹಾಕುತ್ತಾನೆ. ಊರ ನಡುವೆ ಒಂದೇ ಒಂದು ಜಾಲಿಮರವಿತ್ತು. ಒಂದು ಎಲೆ ಬಿಡದೆ ಬೋಳಿಸಿದೆ, ಅದೂ ಹೆಮ್ಮೆಯಿಂದ.

ಮುದುಕ ಬಂದು ನೆರಳು ಹುಡುಕಿದ. ಇರಲಿಲ್ಲ. ಬೈಯಲಿಲ್ಲ, ಹೊಡೆಯಲಿಲ್ಲ, ಮರಳಿನಲ್ಲಿ ಕೂತುಬಿಟ್ಟ. ವಿಷಯ ಏನೆಂದು ಹೇಳಿದವನು ಅವನ ಮಗ. ಊರಿಗೆ ಡಾಂಬರು ರಸ್ತೆ ಬರುವುದಿತ್ತು, ಸರಿಯಾಗಿ ಆ ಮರದ ಮೇಲೆ. ಮುದುಕ ಕಚೇರಿಗೆ ಅಲೆದು ಅಲೆದು ಒಪ್ಪಿಸಿದ್ದನಂತೆ: ಮರ ಬದುಕಿದ್ದರೆ ರಸ್ತೆ ಬಾಗುತ್ತದೆ, ಒಣಗಿದ್ದರೆ ಕಿತ್ತು ಹಾಕುತ್ತಾರೆ. ಅಯ್ಯೋ, ಅವತ್ತೇ ನನ್ನ ಕೈ ಬಿದ್ದುಹೋಗಬಾರದಿತ್ತೇ!

ಆಮೇಲೆ ಸಂಜೆಗಳಲ್ಲಿ ಚಾ ಲೋಟ ಹಿಡಿದು ಮುದುಕನೇ ಊರಿನ ಕಥೆ ಹೇಳಿದ. ನನ್ನ ಆದೋನಿ ಸಂತೆಯ ಉರ್ದು, ಅವನ ಅರಬ್ಬಿ, ಉಳಿದದ್ದಕ್ಕೆ ಕೈಸನ್ನೆ. ಮೊದಲು ಅಲ್ಲಿ ಆ ಮರ ಬಿಟ್ಟು ಏನೂ ಇರಲಿಲ್ಲ. ಅವನ ಅಪ್ಪ ಒಂಟೆ ಕೂರಿಸಿ ಅದರ ನೆರಳಿನಲ್ಲಿ ಗುಡಾರ ಹಾಕಿದ. ಬಾವಿ ತೋಡಿದರು, ಮಣ್ಣಿನ ಗೋಡೆಗಳು ಎದ್ದವು. ಮಕ್ಕಳು ಅಕ್ಷರ ಕಲಿತದ್ದು, ಹಿರಿಯರು ಜಗಳ ಬಿಡಿಸಿದ್ದು ಎಲ್ಲ ಅದರ ಕೆಳಗೇ. ಆಮೇಲೆ ನೀರಿನ ಟ್ಯಾಂಕರ್, ಕರೆಂಟು, ಸಿಮೆಂಟಿನ ಮನೆ ಬಂದವು. ಬಾವಿ ಮರಳಿನಲ್ಲಿ ಮುಚ್ಚಿಹೋಯಿತು. ಹಳೆಯದೆಂದು ಉಳಿದದ್ದು ಮರ ಮತ್ತು ಮುದುಕ.

ನಮ್ಮಲ್ಲಾದರೆ ಬೋಳಿಸಿದ ಜಾಲಿ ಒಂದು ಮಳೆಗೆ ಚಿಗುರುತ್ತದೆ. ಅಲ್ಲಿ ಮಳೆ ಎಲ್ಲಿಯದು? ನನ್ನ ಸ್ನಾನದ ನೀರನ್ನು ದಿನಾ ಬುಡಕ್ಕೆ ಸುರಿದೆ. ದಿನಾ ಬೆಳಿಗ್ಗೆ ಮುದುಕ ಕೇಳುತ್ತಿದ್ದ, ಚಿಗುರಿತೇ ಎಂದು. ಇಲ್ಲ ಎನ್ನುತ್ತಿದ್ದೆ. ಉಗುರಿನಿಂದ ತೊಗಟೆ ಕೆರೆದಿದ್ದರೆ ಜೀವ ಇದೆಯೋ ಇಲ್ಲವೋ ತಿಳಿಯುತ್ತಿತ್ತು. ಕೆರೆಯಲಿಲ್ಲ. ಒಣಗಿದ್ದರೆ? ಆ ಭಯಕ್ಕೆ ಕೈ ಏಳಲಿಲ್ಲ.

ಮಣ್ಣು ಅಗೆಯುವ ಯಂತ್ರ ಬಂದ ದಿನವೂ ಮರ ಬೋಳೇ ಇತ್ತು. ಮುದುಕ ಅದರ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತ. ಇಂಜಿನಿಯರು ಒಣಮರವೆಂದು ಕೈ ಬೀಸಿದ. "ಅಯ್ಯೋ ದ್ಯಾವ್ರೇ, ನನ್ನಿಂದ ಹೋತಲ್ಲ" ಎಂದು ನಾನು ಅಳುತ್ತ ಅಂದದ್ದು ಯಂತ್ರದ ಡ್ರೈವರನ ಕಿವಿಗೆ ಬಿತ್ತು. ಅವನು ಧಡಕ್ಕನೆ ಕೆಳಗಿಳಿದ.

"ಯಾವೂರಣ್ಣಾ ನಿಂದು?"

"ಆಸ್ಪರಿ ಕಡೆ."

"ನಂದು ಪತ್ತಿಕೊಂಡ, ನಿಮ್ಮ ಪಕ್ಕದ್ದ! ಏಮಯಿಂದಿ, ಏನಾತು, ಯಾಕ ಅಳ್ತಿ?"

ನಾನು ಎಲ್ಲ ಹೇಳಿದೆ.

"ಕುರಿ ಕಾಯೋನಾಗಿ ಕೆರದು ನೋಡಿಲ್ಲ? ಥೂ ನಿನ್ನ!" ಎಂದು ಗದರಿ, ತಾನೇ ಉಗುರು ಹಾಕಿದ. ತೊಗಟೆಯ ಒಳಗೆ ಹಸಿರು. ಒದ್ದೆಯಾದ, ಎಳೆಯ ಹಸಿರು. "ಜೀವ ಐತಲ್ಲೋ!"

ನಾನು ಮುದುಕನ ಬೆರಳು ಹಿಡಿದು ಅಲ್ಲಿ ಒತ್ತಿದೆ. ಅವನು ಬೆರಳನ್ನು ಮೂಗಿಗೆ ಹಿಡಿದು ತುಂಬ ಹೊತ್ತು ಮೂಸಿದ. ಆಮೇಲೆ ಎದ್ದು, ಅದೇ ಬೆರಳನ್ನು ಇಂಜಿನಿಯರನ ಮೂಗಿನ ಕೆಳಗೆ ಹಿಡಿದ. ಇಂಜಿನಿಯರು ನಕ್ಕು ನಕ್ಷೆ ಬಿಚ್ಚಿ, ಮರದ ಬಳಿ ರಸ್ತೆಯ ಗೆರೆ ಬಾಗಿಸಿದ. ನಾನು ಎಲ್ಲರೆದುರು ಗೊಳೋ ಎಂದು ಅತ್ತೆ.

ಮುದುಕ ಈಗಿಲ್ಲ. ಮಗ ಆಗಾಗ ಫೋಟೊ ಕಳಿಸುತ್ತಾನೆ. ಮರದ ತುಂಬ ಎಲೆ. ಆ ತಿರುವಿನಲ್ಲಿ ಗಾಡಿ ನಿಧಾನ ಮಾಡಬೇಕಲ್ಲ ಎಂದು ಊರಿನ ಹೊಸಬರು ಗೊಣಗುತ್ತಾರಂತೆ. ಮಾಡಲಿ. ಅಲ್ಲೊಬ್ಬ ಮುದುಕ ಕುರ್ಚಿ ಹಾಕಿಕೊಂಡು ಕೂತಿದ್ದ.